ಸಣ್ಣ ಅಂಗಡಿಗೂ ಕೃತಕ ಬುದ್ಧಿಮತ್ತೆ: ಆರಂಭಿಸುವುದೆಲ್ಲಿಂದ?

ಮಂಗಳೂರಿನ ವ್ಯಾಪಾರಸ್ಥರಿಗೆ ಹೊಸ ಯಂತ್ರವೆಂಬುದು ಅಪರಿಚಿತ ಅತಿಥಿಯೇನೂ ಅಲ್ಲ. 1841ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಎರಡು ವರ್ಷಗಳ ಬಳಿಕ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅದೇ ಅಚ್ಚಿನಿಂದ ಹೊರಬಂದಿತು. 1865ರಲ್ಲಿ ಅವರೇ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಮೂರೇ ವರ್ಷಗಳಲ್ಲಿ, ಅಂದರೆ 1868ರಲ್ಲಿ, ನಮ್ಮ ಊರಿನವರೇ ಆದ ಆಲ್ಬುಕರ್ಕ್ ಮನೆತನದವರು ತಮ್ಮದೇ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಯಂತ್ರ ಪರದೇಶದ್ದಾಗಿತ್ತು, ಆದರೆ ಮಣ್ಣು, ಮಳೆಗಾಲ, ಮಾಡು, ಕೊಳ್ಳುವ ಜನ ಇವೆಲ್ಲ ಅವರಿಗೆ ತಿಳಿದವೇ ಆಗಿದ್ದವು. ಯಂತ್ರಜ್ಞಾನವನ್ನು ಕಲಿಯಲು ಸಾಧ್ಯವಾದದ್ದು ಈ ತಿಳಿವಳಿಕೆಯ ಬಲದಿಂದಲೇ ಎಂದು ನಮ್ಮ ಊಹೆ.

ಇಂದು ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ನಮ್ಮ ಕುಟುಂಬಗಳ ಸಣ್ಣ ವ್ಯಾಪಾರಿಗಳು ಹಿಂಜರಿಯುವುದನ್ನು ಕಂಡಾಗ ಈ ಇತಿಹಾಸ ನೆನಪಾಗುತ್ತದೆ. ಬೇಕರಿ ನಡೆಸುವವರು, ಹೊಲಿಗೆಯವರು, ಕಂಕನಾಡಿ ಮಾರುಕಟ್ಟೆಯಲ್ಲಿ ಅಂಗಡಿ ಇಟ್ಟವರು, ಮನೆಯಲ್ಲಿಯೇ ಅಡುಗೆ ಮಾಡಿ ಮಾರುವ ತಾಯಂದಿರು, “ಫಾದರ್, ಇದೆಲ್ಲ ದೊಡ್ಡವರಿಗೆ ಆಯ್ತು, ನಮ್ಮಂಥವರಿಗೆ ಇದರಲ್ಲಿ ಎಂತ ಉಂಟು?” ಎಂದು ಕೇಳುತ್ತಾರೆ. ಉಂಟು ಎಂಬುದೇ ನಮ್ಮ ಉತ್ತರ. ಆದರೆ ಎಲ್ಲಿ ಉಂಟು, ಎಲ್ಲಿ ಇಲ್ಲ ಎಂಬುದನ್ನು ಬೇರ್ಪಡಿಸಿ ನೋಡದಿದ್ದರೆ ಲಾಭಕ್ಕಿಂತ ಹಾನಿಯೇ ಹೆಚ್ಚಾದೀತು.

ಮೊದಲು ಈ ಯಂತ್ರದ ಸ್ವರೂಪವನ್ನು ತಿಳಿಯೋಣ. 2022ರ ನವೆಂಬರ್ ಕೊನೆಗೆ ಬಂದ ಚಾಟ್‌ಜಿಪಿಟಿ, ಆ ಬಳಿಕ ಬಂದ ಜೆಮಿನಿ ಮುಂತಾದವು ಲೆಕ್ಕವಿಲ್ಲದಷ್ಟು ಬರಹಗಳನ್ನು ಜೀರ್ಣಿಸಿಕೊಂಡು, ಒಂದು ಮಾತಿನ ಹಿಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಅಳೆದು ವಾಕ್ಯ ಕಟ್ಟುವ ಸಾಧನಗಳು. ಅವು ಕಟ್ಟುವ ವಾಕ್ಯ ಬಹುತೇಕ ಸರಿಯಾಗಿಯೇ ಇರುತ್ತದೆ. ತಪ್ಪಿದಾಗಲೂ ಅಷ್ಟೇ ಸೊಗಸಾಗಿ, ಅಷ್ಟೇ ಧೈರ್ಯದಿಂದ ತಪ್ಪುತ್ತದೆ. ಸುಳ್ಳು ಹೇಳುವವನಿಗೆ ಸತ್ಯ ಯಾವುದೆಂದು ಗೊತ್ತಿರುತ್ತದೆ. ಈ ಯಂತ್ರಕ್ಕೆ ಸತ್ಯವೂ ಸುಳ್ಳೂ ಸಂಭಾವ್ಯವಾದ ಪದಗಳ ಸಾಲು ಮಾತ್ರ. 2025ರ ಜನವರಿಯಲ್ಲಿ ವ್ಯಾಟಿಕನ್ ಪ್ರಕಟಿಸಿದ ‘ಅಂತೀಕ್ವಾ ಎತ್ ನೋವಾ’ ಎಂಬ ದಸ್ತಾವೇಜು ಕೂಡ ಇದನ್ನು ಮಾನವ ಬುದ್ಧಿಯ ಇನ್ನೊಂದು ರೂಪವೆಂದು ಭಾವಿಸದೆ, ಮಾನವ ಬುದ್ಧಿ ಉಂಟುಮಾಡಿದ ವಸ್ತುವೆಂದು ಕಾಣಬೇಕೆಂದು ತಿಳಿಸುತ್ತದೆ. ಇದು ಬರಿಯ ತತ್ತ್ವಶಾಸ್ತ್ರವೆಂದು ಯಾರೂ ಬದಿಗಿಡಬಾರದು. ಯಂತ್ರಕ್ಕೆ ಯಾವ ಕೆಲಸ ಒಪ್ಪಿಸಬೇಕು ಎಂಬ ವ್ಯಾವಹಾರಿಕ ನಿಯಮ ಇಲ್ಲಿಂದಲೇ ಹುಟ್ಟುತ್ತದೆ: ಉತ್ತರ ಸರಿಯೋ ತಪ್ಪೋ ಎಂದು ನೀವೇ ಒಂದು ನೋಟದಲ್ಲಿ ಹೇಳಬಲ್ಲ ಕೆಲಸವನ್ನು ಮಾತ್ರ ಮೊದಲು ಕೊಡಿ.

ಅಂಥ ಕೆಲಸವನ್ನು ಹುಡುಕುವುದು ಹೇಗೆ? ಒಂದು ವಾರ, ಅಂಗಡಿಯ ಬಾಗಿಲು ಹಾಕಿದ ಮೇಲೆ, ಆ ದಿನ ನಿಮ್ಮನ್ನು ದಣಿಸಿದ ಕೆಲಸಗಳನ್ನು ಒಂದು ಹಳೆಯ ಪುಸ್ತಕದಲ್ಲಿ ಬರೆದಿಡಿ. ಒಂದೇ ಪ್ರಶ್ನೆಗೆ ಇಪ್ಪತ್ತು ಜನರಿಗೆ ಬರೆದ ಉತ್ತರ, ದರಪಟ್ಟಿಯನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿದ್ದು, ಸರಕು ತಡವಾಯಿತೆಂದು ಸಗಟು ವ್ಯಾಪಾರಿಗೆ ಬರೆದ ದೂರು, ಹೀಗೆ. ವಾರದ ಕೊನೆಗೆ ಅದರಲ್ಲಿ ಒಂದನ್ನು ಆರಿಸಿಕೊಳ್ಳಿ. ಒಂದನ್ನೇ. ಒಟ್ಟಿಗೆ ಹತ್ತನ್ನು ಹಿಡಿದವರು ಒಂದು ತಿಂಗಳಲ್ಲಿ ಹತ್ತನ್ನೂ ಬಿಟ್ಟುಬಿಡುವುದನ್ನು ಕಂಡಿದ್ದೇವೆ.

ನಮ್ಮ ಸಮುದಾಯಕ್ಕೆ ಹತ್ತಿರವಾದ ಉದಾಹರಣೆಯೆಂದರೆ ಕುಸ್ವಾರ್. ಕ್ರಿಸ್ಮಸ್ ಹತ್ತಿರವಾದಂತೆ ಕಿಡಿಯೊ, ನೆವ್ರಿ, ಗುಳಿಯೊ, ಕೇಕು ಮಾಡಿ ಮಾರಿ ಮಕ್ಕಳ ಶಾಲೆಯ ಫೀಸು ಕಟ್ಟುವ ಎಷ್ಟೋ ಮನೆಗಳು ನಮ್ಮಲ್ಲಿವೆ. ಡಿಸೆಂಬರಿನಲ್ಲಿ ಆ ತಾಯಂದಿರ ಕೈಗಳೆರಡೂ ಹಿಟ್ಟಿನಲ್ಲಿರುವಾಗಲೇ ಫೋನಿಗೆ ಸಂದೇಶಗಳು ಬರತೊಡಗುತ್ತವೆ: ಒಬ್ಬರಿಗೆ ಎರಡು ಕಿಲೋ ಕಿಡಿಯೊ, ಇನ್ನೊಬ್ಬರಿಗೆ ಮೊಟ್ಟೆಯಿಲ್ಲದ ಕೇಕು, ಮುಂಬಯಿಯ ತಂಗಿಗೆ ಪಾರ್ಸೆಲ್, ದುಬಾಯಿಗೆ ಹೋಗುವವರ ಕೈಯಲ್ಲಿ ಅರ್ಧ ಕಿಲೋ. ಹೆಸರು, ಫೋನ್ ಸಂಖ್ಯೆಗಳನ್ನು ತೆಗೆದು, ಬರಿಯ ಕ್ರಮಸಂಖ್ಯೆ ಹಾಕಿ, ಈ ಸಂದೇಶಗಳನ್ನು ಯಂತ್ರಕ್ಕೆ ಕೊಟ್ಟು “ಒಂದು ಕೋಷ್ಟಕ ಮಾಡಿಕೊಡು, ತಿಂಡಿವಾರು ಒಟ್ಟು ಎಷ್ಟು ಕಿಲೋ ಎಂದು ಕೊನೆಯಲ್ಲಿ ಬರೆ” ಎಂದರೆ ನಿಮಿಷದೊಳಗೆ ಮಾಡಿಕೊಡುತ್ತದೆ. ಒಟ್ಟು ಮೊತ್ತವನ್ನು ಮಾತ್ರ ಕ್ಯಾಲ್ಕುಲೇಟರಿನಲ್ಲಿ ನೀವೇ ಇನ್ನೊಮ್ಮೆ ಕೂಡಿಸಿ ನೋಡಬೇಕು. ಪದ ಜೋಡಿಸುವುದರಲ್ಲಿ ಜಾಣನಾದ ಈ ಸೇವಕ ಸಂಖ್ಯೆ ಕೂಡಿಸುವಾಗ ಒಮ್ಮೊಮ್ಮೆ ಎಡವುತ್ತಾನೆ.

ಕೇಳುವ ಕ್ರಮವೂ ಮುಖ್ಯ. “ಕುಸ್ವಾರ್ ಬಗ್ಗೆ ಒಂದು ಮೆಸೇಜ್ ಬರೆ” ಎಂದಷ್ಟೇ ಹೇಳಿದರೆ ಯಾರ ಅಂಗಡಿಗೂ ಸಲ್ಲುವ, ಆದುದರಿಂದ ಯಾರ ಅಂಗಡಿಗೂ ಸಲ್ಲದ ಒಂದು ಬರಹ ಸಿಗುತ್ತದೆ. ಅದರ ಬದಲು ಹೀಗೆ ಹೇಳಿ ನೋಡಿ: “ನಾನು ಮಂಗಳೂರಿನಲ್ಲಿ ಮನೆಯಲ್ಲಿಯೇ ಕುಸ್ವಾರ್ ಮಾಡಿ ಮಾರುವವಳು. ಹಳೆಯ ಗಿರಾಕಿಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲು ಎಂಟು ಸಾಲಿನ ಕನ್ನಡ ಸಂದೇಶ ಬೇಕು. ಡಿಸೆಂಬರ್ 10ರ ಒಳಗೆ ಆರ್ಡರ್ ಕೊಡಬೇಕು, ಅರ್ಧ ಹಣ ಮುಂಗಡ. ಪರಿಚಯದವರೊಡನೆ ಮಾತಾಡಿದ ಹಾಗಿರಲಿ, ಜಾಹೀರಾತಿನ ಅಬ್ಬರ ಬೇಡ. ನಾನು ಹೇಳದ ಯಾವ ವಿಷಯವನ್ನೂ ಸೇರಿಸಬೇಡ. ಏನಾದರೂ ತಿಳಿಯದಿದ್ದರೆ ಬರೆಯುವ ಮೊದಲು ನನ್ನನ್ನೇ ಕೇಳು.” ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಹೇಳುವಷ್ಟು ವಿವರವಾಗಿ ಹೇಳಬೇಕು, ಅಷ್ಟೇ. ಬರೆಯಲು ಬೇಸರವಾದವರು ಫೋನಿಗೆ ಬಾಯಲ್ಲಿಯೇ ಹೇಳಬಹುದು.

ಆ ಕೊನೆಯ ಎರಡು ವಾಕ್ಯಗಳನ್ನು ಎಂದಿಗೂ ಬಿಡಬೇಡಿ. ಬಿಟ್ಟರೆ ಯಂತ್ರವು ತನ್ನಷ್ಟಕ್ಕೆ “ಮೂರು ತಲೆಮಾರಿನ ಪರಂಪರೆ” ಎಂದೋ “ಶುದ್ಧ ತುಪ್ಪದಲ್ಲಿ ಕರಿದದ್ದು” ಎಂದೋ ಸೇರಿಸಿಬಿಡುತ್ತದೆ. ನೀವು ಕರಿದದ್ದು ಎಣ್ಣೆಯಲ್ಲಿ. ಗಿರಾಕಿಯ ಮುಂದೆ ನಿಲ್ಲಬೇಕಾದವರು ನೀವೇ ಹೊರತು ಯಂತ್ರವಲ್ಲ. ದೊಡ್ಡ ಕಂಪನಿಯೊಂದು ಮಾತು ತಪ್ಪಿದರೆ ಕ್ಷಮಾಪಣೆಯ ಪ್ರಕಟಣೆ ಕೊಟ್ಟು ಸುಮ್ಮನಾಗಬಹುದು. ಸಣ್ಣ ವ್ಯಾಪಾರಿಗೆ ಬಂಡವಾಳವೆಂದರೆ ಅವನ ಮಾತು.

ಭಾಷೆಯ ವಿಷಯದಲ್ಲಿ ನಮಗೆ ಒಂದು ಅನುಕೂಲವೂ ಒಂದು ತೊಡಕೂ ಇವೆ. ಕನ್ನಡವನ್ನು ಈ ಸಾಧನಗಳು ತಕ್ಕಮಟ್ಟಿಗೆ ಬರೆಯುತ್ತವೆ. ಕೇಂದ್ರ ಸರಕಾರದ ‘ಭಾಷಿಣಿ’ ಯೋಜನೆಯೂ 2022ರಿಂದ ಭಾರತೀಯ ಭಾಷೆಗಳಿಗಾಗಿ ದುಡಿಯುತ್ತಿದೆ. ಗೂಗಲ್ ಅನುವಾದಕ್ಕೆ 2022ರಲ್ಲಿ ಕೊಂಕಣಿ, 2024ರಲ್ಲಿ ತುಳು ಸೇರಿದವು. ಆದರೆ ಅಲ್ಲಿಯ ಕೊಂಕಣಿ ದೇವನಾಗರಿ ಲಿಪಿಯದು. ನಮ್ಮ ಮನೆಗಳಲ್ಲಿ ಆಡುವ, ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿಯ ಸೊಗಡು ಅದಕ್ಕೆ ಇನ್ನೂ ದೂರ. ಗಿರಾಕಿಗೆ ಕೊಂಕಣಿಯಲ್ಲಿ ಬರೆಯುವುದಿದ್ದರೆ ನಿಮ್ಮ ಕೈಯಿಂದಲೇ ಬರೆಯಿರಿ.

ಇನ್ನು ತೆರಿಗೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದ್ದು, ಹಾಲು, ತರಕಾರಿಯಂತಹ ತೆರಿಗೆಯಿಲ್ಲದ ವಸ್ತುಗಳನ್ನು ಮಾರುವವರೂ ಗಾಬರಿಗೊಂಡದ್ದು, ಕೆಲವರು ಅಂಗಡಿಯ ಗೋಡೆಯಿಂದ ಕ್ಯೂಆರ್ ಚೀಟಿಯನ್ನೇ ಕಿತ್ತುಹಾಕಿದ್ದು ಓದುಗರಿಗೆ ನೆನಪಿರಬಹುದು. ಅಂದರೆ ಕಂಪ್ಯೂಟರು ನಮ್ಮ ಲೆಕ್ಕಪುಸ್ತಕವನ್ನು ಆಚೆ ಬದಿಯಿಂದ ಈಗಾಗಲೇ ಓದುತ್ತಿದೆ; ಈಚೆ ಬದಿಯಲ್ಲಿ ಕುಳಿತ ನಾವು ಅದನ್ನು ಬಳಸಲು ಅಂಜುವುದರಲ್ಲಿ ಅರ್ಥವಿಲ್ಲ. ಇಂಗ್ಲಿಷಿನ ಕಠಿಣ ನೋಟಿಸು ಬಂದಾಗ, ಹೆಸರು ಮತ್ತು ನೋಂದಣಿ ಸಂಖ್ಯೆ ಮುಚ್ಚಿ ಅದರ ಫೋಟೋ ತೆಗೆದು, “ಇದರಲ್ಲಿ ಏನು ಕೇಳಿದ್ದಾರೆ, ಯಾವ ದಿನಾಂಕದೊಳಗೆ ಉತ್ತರಿಸಬೇಕು, ಸರಳ ಕನ್ನಡದಲ್ಲಿ ಹೇಳು” ಎಂದು ಕೇಳಬಹುದು. ರಾತ್ರಿಯ ನಿದ್ದೆ ಉಳಿದೀತು. ಆದರೆ ಉತ್ತರ ಕೊಡುವುದು ಲೆಕ್ಕಪರಿಶೋಧಕರ ಮೂಲಕವೇ ಆಗಬೇಕು. ಕಾರಣ ಸ್ಪಷ್ಟ: 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾಗಿ, ಕೇಕು, ಬಿಸ್ಕತ್ತುಗಳ ಮೇಲಿನ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಅದಕ್ಕಿಂತ ಹಿಂದಿನ ಬರಹಗಳನ್ನು ಓದಿ ಬೆಳೆದ ಯಂತ್ರ ಹಳೆಯ ದರವನ್ನೇ ಹೇಳೀತು, ಅದೂ ಸ್ವಲ್ಪವೂ ಅಳುಕದೆ. ಬೇಕರಿಯವರು ಅದನ್ನು ನಂಬಿ ಬಿಲ್ಲು ಹಾಕಿದರೆ ಗತಿಯೇನು?

ಗುಟ್ಟಿನ ವಿಷಯವನ್ನು ಒಂದೆರಡು ಮಾತಿನಲ್ಲಿ ಮುಗಿಸುತ್ತೇವೆ. ಗಿರಾಕಿಯ ಆಧಾರ್, ಫೋನ್ ಸಂಖ್ಯೆ, ಬ್ಯಾಂಕಿನ ಪುಸ್ತಕ, ಯಾರ ಸಾಲ ಎಷ್ಟಿದೆ ಎಂಬ ಪಟ್ಟಿ, ಇವು ಯಾವುದನ್ನೂ ಪುಕ್ಕಟೆ ಸಾಧನಗಳಿಗೆ ಹಾಕಬಾರದು. ನಾವು ಹಾಕಿದ್ದನ್ನು ಆ ಕಂಪನಿಗಳು ಯಂತ್ರಕ್ಕೆ ಕಲಿಸಲು ಬಳಸಬಹುದು. ಬೇಡವೆನ್ನುವ ಆಯ್ಕೆ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನಲ್ಲಿರುತ್ತದೆ. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ದೇಶದಲ್ಲಿ ಕಾನೂನೇ ಆಗಿದೆ. ಹಾಗೆಯೇ, ಪರಿಚಿತ ಸರಬರಾಜುದಾರನ ಧ್ವನಿಯಲ್ಲಿಯೇ “ಹಣವನ್ನು ಈ ಹೊಸ ಖಾತೆಗೆ ಹಾಕಿ” ಎಂದು ಕರೆ ಬಂದರೆ, ಫೋನಿಟ್ಟು, ನಿಮ್ಮಲ್ಲಿರುವ ಹಳೆಯ ನಂಬರಿಗೆ ನೀವೇ ತಿರುಗಿ ಕರೆಮಾಡಿ. ಧ್ವನಿಯ ನಕಲು ಈಗ ಮಕ್ಕಳಾಟವಾಗಿದೆ. ಮತ್ತೊಂದು ಮಾತು: ಕೆಲವು ತಿಂಗಳು ಪುಕ್ಕಟೆಯದನ್ನೇ ಬಳಸಿ ನೋಡದೆ, ‘ಎ.ಐ. ಪ್ಯಾಕೇಜ್’ ಮಾರಲು ಬರುವ ಟೈ ಕಟ್ಟಿದ ಯುವಕರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಅಂಗಡಿಯಲ್ಲಿ ದುಡಿಯುವವರದು. ನೇಯ್ಗೆಯ ಲಾಳಿ ತಾನಾಗಿ ನೇಯುವಂತಿದ್ದರೆ ಯಜಮಾನನಿಗೆ ಸೇವಕರೇ ಬೇಕಾಗುತ್ತಿರಲಿಲ್ಲ ಎಂದು ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಬರೆದಿದ್ದ. (ತತ್ತ್ವಶಾಸ್ತ್ರ ಓದಿದವರಿಗೆ ಈ ಚಟ ಬಿಡದು, ಓದುಗರು ಮನ್ನಿಸಬೇಕು.) ಅವನಿಗೆ ಅದು ಅಸಂಭವದ ಕಲ್ಪನೆ, ನಮಗೆ ಅದು ನಾಳೆಯ ಸಂಬಳದ ಪ್ರಶ್ನೆ. 2025ರ ಮೇ 8ರಂದು ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಜಗದ್ಗುರುಗಳು ಎರಡೇ ದಿನಗಳಲ್ಲಿ ಕಾರ್ಡಿನಲರ ಮುಂದೆ ತಮ್ಮ ಹೆಸರಿನ ಕಾರಣವನ್ನು ವಿವರಿಸುತ್ತಾ, ಯಂತ್ರೋದ್ಯಮದ ಕಾಲದಲ್ಲಿ ಕಾರ್ಮಿಕರ ಪರವಾಗಿ 1891ರಲ್ಲಿ ‘ರೇರುಮ್ ನೊವಾರುಮ್’ ಪತ್ರವನ್ನು ಬರೆದ ಹದಿಮೂರನೆಯ ಲಿಯೋರನ್ನು ನೆನೆದರು. ಇಂದು ಕೃತಕ ಬುದ್ಧಿಮತ್ತೆಯು ಅಂತಹದೇ ಸವಾಲನ್ನು ಒಡ್ಡಿದೆ ಎಂದರು. 1878ರ ಕೊನೆಗೆ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದದ್ದು ಅದೇ ಹದಿಮೂರನೆಯ ಲಿಯೋರ ಕಾಲದಲ್ಲಿ ಎಂಬುದನ್ನು ನಮ್ಮ ಹಿರಿಯರು ಬಲ್ಲರು.

ಇದರ ಅರ್ಥ ಅಂಗಡಿಯ ಮಟ್ಟದಲ್ಲಿ ಏನು? ಹಂಪನಕಟ್ಟೆಯ ಸಮೀಪ ಡಿಟಿಪಿ ಅಂಗಡಿ ನಡೆಸುವ ನಮ್ಮ ಪರಿಚಯದ ಮಹಿಳೆಯೊಬ್ಬರ ವೃತ್ತಿಯೇ ಇದಕ್ಕೆ ಸಾಕ್ಷಿ. ಮದುವೆ, ರೋಸ್, ಚರ್ಚಿನ ವಾರ್ಷಿಕ ಮಹೋತ್ಸವದ ಕರೆಯೋಲೆಗಳೇ ಅವರ ಜೀವನಾಧಾರ. ಡಿಟಿಪಿ ಬಂದಾಗ ಅಚ್ಚುಮೊಳೆ ಜೋಡಿಸುತ್ತಿದ್ದವರಲ್ಲಿ ಕೀಲಿಮಣೆ ಕಲಿತವರು ಉಳಿದರು, ಕಲಿಸುವವರಿಲ್ಲದವರು ಮನೆಗೆ ಹೋದರು. ಈಗ ಡಿಟಿಪಿಯವರ ಸರದಿ. ಗಿರಾಕಿಗಳು ಯಂತ್ರದಿಂದಲೇ ಕರೆಯೋಲೆಯ ಚಿತ್ರ ಮಾಡಿಸಿಕೊಂಡು ಬಂದು “ಇದನ್ನು ಪ್ರಿಂಟ್ ಹಾಕಿದರೆ ಸಾಕು” ಎನ್ನತೊಡಗಿದಾಗ ಅವರಿಗೆ ಎದೆ ನಡುಗಿತಂತೆ. ಆದರೆ ಆ ಚಿತ್ರಗಳಲ್ಲಿ ಹೂವು, ಗಂಟೆ, ಬಣ್ಣ ಎಲ್ಲ ಚೆನ್ನಾಗಿದ್ದರೂ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ವರನ ಹೆಸರೇ ತಪ್ಪಾಗಿ ಬಿದ್ದಿರುತ್ತದೆ. ಅವರು ಈಗ ಅಕ್ಷರವಿಲ್ಲದ ಹಿನ್ನೆಲೆಯ ಚಿತ್ರವನ್ನು ಮಾತ್ರ ಯಂತ್ರದಿಂದ ತೆಗೆದುಕೊಂಡು, ಅಕ್ಷರಗಳನ್ನು ತಾವೇ ಜೋಡಿಸುತ್ತಾರೆ. ಮೂರು ಗಂಟೆಯ ಕೆಲಸ ಒಂದು ಗಂಟೆಗೆ ಮುಗಿಯುತ್ತದೆ. ಉಳಿದ ಎರಡು ಗಂಟೆಗಳನ್ನು ಏನು ಮಾಡುವುದೆಂಬಲ್ಲಿ ಅವರಿಗೆ ಎರಡು ದಾರಿಗಳಿದ್ದವು. ಸಹಾಯಕಿಯನ್ನು ಬಿಡಿಸಿ ಸಂಬಳ ಉಳಿಸುವುದು ಒಂದು. ಅವರು ಹಿಡಿದದ್ದು ಇನ್ನೊಂದನ್ನು: ಹೊಸ ಸಾಧನವನ್ನು ಮೊದಲು ಆ ಹುಡುಗಿಗೇ ಕಲಿಸಿದರು. ಈಗ ಸಣ್ಣ ಹೋಟೆಲುಗಳ ತಿಂಡಿಪಟ್ಟಿ, ಅಂಗಡಿಗಳ ದರಪಟ್ಟಿಗಳ ಕೆಲಸವನ್ನೂ ಒಪ್ಪಿಕೊಳ್ಳುತ್ತಿದ್ದಾರೆ. ಆದಾಯ ಬಹಳವೇನೂ ಏರಿಲ್ಲ, ಆದರೆ ಇಬ್ಬರ ಸಂಬಳವೂ ನಿಂತಿಲ್ಲ ಎಂದು ಅವರೇ ಹೇಳುತ್ತಾರೆ.

ಎಲ್ಲರಿಗೂ ಈ ದಾರಿ ತೆರೆದಿರುತ್ತದೆ ಎಂದು ನಾವು ಹೇಳಲಾರೆವು. ಹೊಸ ಕೆಲಸ ಬಾರದ ಅಂಗಡಿಯೂ ಇದೆ. ಆದರೆ ಕಲಿಸುವ ಮೊದಲೇ ಬಿಡಿಸುವ ಯಜಮಾನನನ್ನು ಸಮರ್ಥಿಸಲು ನಮಗೆ ಯಾವ ವಾದವೂ ಸಿಗುವುದಿಲ್ಲ.

1912ರಲ್ಲಿ, ಸಾಲಕ್ಕೆ ಅಲೆಯುತ್ತಿದ್ದ ನಮ್ಮವರು ಒಟ್ಟುಗೂಡಿ ಸಹಕಾರಿ ಸಂಘ ಕಟ್ಟಿದ್ದರಿಂದಲೇ ಇಂದಿನ ಎಂ.ಸಿ.ಸಿ. ಬ್ಯಾಂಕ್ ಬೆಳೆದುಬಂತು. ಈ ಹೊಸ ವಿದ್ಯೆಯನ್ನೂ ಒಬ್ಬೊಬ್ಬರೇ ಕುಳಿತು ಕಲಿಯಬೇಕಾಗಿಲ್ಲ. ಪ್ರತಿ ಧರ್ಮಕೇಂದ್ರದಲ್ಲಿಯೂ ಫೋನನ್ನು ಅಂಗೈಯಂತೆ ಬಲ್ಲ ಯುವಜನರಿದ್ದಾರೆ. ವ್ಯಾಪಾರವನ್ನು ಬಲ್ಲ ಹಿರಿಯರೂ ಇದ್ದಾರೆ. ಐ.ಸಿ.ವೈ.ಎಂ. ಘಟಕಗಳು ಒಂದು ಭಾನುವಾರ ಮಧ್ಯಾಹ್ನ ಸಭಾಭವನದಲ್ಲಿ ಇವರಿಬ್ಬರನ್ನು ಎರಡು ಗಂಟೆ ಎದುರುಬದುರು ಕೂರಿಸಿದರೆ ಆದೀತು. ಅದನ್ನು ಡಿಸೆಂಬರಿಗಿಂತ ಮೊದಲೇ ಮಾಡಬೇಕು, ಆಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ. ಬರುವವರು ಚಾರ್ಜ್ ಮಾಡಿದ ಫೋನಿನೊಂದಿಗೆ, ದಣಿಸಿದ ಕೆಲಸಗಳನ್ನು ಬರೆದಿಟ್ಟ ಆ ಹಳೆಯ ಪುಸ್ತಕವನ್ನೂ ತರಲಿ.