ಬೆರಳಿನ ವರ್ತಮಾನ

2025ರ ಆಗಸ್ಟಿನಲ್ಲಿ ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರಕ್ಕೆ ಮೆಟ್ರೊ ರೈಲು ಬಂದಿತಷ್ಟೆ. ಅದರ ಟಿಕೆಟಿಗೆಂದು ತಾವು ಮೊಬೈಲಿನ ಗಾಜನ್ನು ಮುಟ್ಟಿದಾಗ ಒಳಗೆ ನಡೆಯುವುದೇನು?

ಗಾಜಿನಡಿಯ ಸೂಕ್ಷ್ಮ ವಿದ್ಯುತ್ ಜಾಲದಲ್ಲಿ ಬೆರಳು ತಾಗಿದೆಡೆ ಆಗುವ ಬದಲಾವಣೆಯನ್ನು ಪುಟ್ಟದೊಂದು ಕಂಟ್ರೋಲರು ಅಳೆಯುತ್ತದೆ. ಅಳೆದೊಡನೆ ಒಂದು ತಂತಿಯ ಮೂಲಕ ಪ್ರೊಸೆಸರಿಗೆ ಕರೆಗಂಟೆ ಬಾರಿಸುತ್ತದೆ. ಪ್ರೊಸೆಸರು ಮೊದಲು ಸ್ಥಿತಿಯನ್ನು ವಿಚಾರಿಸುತ್ತದೆ: ಬೆರಳುಗಳೆಷ್ಟು? ಈಗ ತಾಗಿದುವೆ, ತಾಗಿಯೇ ಇವೆಯೆ, ಮೇಲೆದ್ದುವೆ? ಬಳಿಕ ಸ್ಥಾನ: ಅಡ್ಡಕ್ಕೊಂದು, ಉದ್ದಕ್ಕೊಂದು ಸಂಖ್ಯೆ. 12 ಬಿಟ್ಟುಗಳಲ್ಲಿ 0ಯಿಂದ 4095ರವರೆಗೆ ಹೇಳಬಹುದು. ಆದರೆ ಒಂದು ಬೈಟಿಗೆ 8 ಬಿಟ್ಟುಗಳೇ ಆದುದರಿಂದ ಸಂಖ್ಯೆ ಎರಡು ಕಂತಾಗಿ ಬರುತ್ತದೆ.

ಒಂದು ಕಂತು ಹಳೆಯದು, ಇನ್ನೊಂದು ಹೊಸದಾದರೆ? ತಾವು ಒತ್ತಿದ ನಿಲ್ದಾಣವೊಂದು, ಟಿಕೆಟು ಇನ್ನೊಂದಕ್ಕೆ! ಅದಕ್ಕಾಗಿಯೇ ಕೆಲವು ಕಂಟ್ರೋಲರುಗಳು, ಪ್ರೊಸೆಸರು ಓದಿ ಮುಗಿಸಿ ಸ್ಥಿತಿಯ ಗುರುತನ್ನು ಅಳಿಸುವವರೆಗೆ ಹೊಸ ವರ್ತಮಾನವನ್ನು ಕೊಡುವುದಿಲ್ಲ.