ಪಿಕ್‌ಅಪ್‌ ಕೊಳ್ಳುವ ಮುನ್ನ: ನೌಕರಿ ಇಲ್ಲಿ, ತೋಟ ಅಲ್ಲಿ

ಪುಣೆ, ಚೆನ್ನೈ, ಹೈದರಾಬಾದ್‌ಗಳಲ್ಲಿರುವ ನಮ್ಮವರು ನಾಲ್ಕು ಮಂದಿ ಸೇರಿದರೆ ಮಾತು ಒಂದಲ್ಲ ಒಂದು ಹೊತ್ತಿಗೆ ಊರಿನ ಜಮೀನಿನ ಕಡೆಗೆ ಹೊರಳುತ್ತದೆ. ಬೋರ್‌ವೆಲ್‌, ಆಳಿನ ಸಮಸ್ಯೆ, ಅಡಿಕೆ ದರ ಎಲ್ಲ ಮುಗಿದ ಮೇಲೆ ಈಗೀಗ ಪಿಕ್‌ಅಪ್‌ ವಿಷಯ ಬರುತ್ತಿದೆ. ‘ವಾರವಿಡೀ ಆಫೀಸಿಗೆ, ಊರಿಗೆ ಹೋದಾಗ ಗೊಬ್ಬರ ತರೋದಕ್ಕೆ. ಗಾಡಿ ಒಂದೇ, ಕೆಲಸ ಎರಡು’ ಎಂಬುದು ಆಸೆ. ಆಸೆ ತಪ್ಪಲ್ಲ. ಆದರೆ ಲೆಕ್ಕ ಮೊದಲು ಹಾಕಬೇಕು.

ಕಾರಿನಂತೆ ಕೂರಬಹುದಾದ, ಹಿಂದೆ ತೆರೆದ ತೊಟ್ಟಿ ಇರುವ ಖಾಸಗಿ ನೋಂದಣಿಯ ಪಿಕ್‌ಅಪ್‌ಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ಇಸುಜು ವಿ–ಕ್ರಾಸ್‌ 2016ರಲ್ಲಿ ಬಂತು; ತಯಾರಾಗುವುದು ಚೆನ್ನೈಗೆ ಹತ್ತಿರದ, ಆಂಧ್ರದ ಶ್ರೀಸಿಟಿಯಲ್ಲಿ. ಟೊಯೊಟಾ ಹೈಲಕ್ಸ್‌ ಬಂದದ್ದು 2022ರಲ್ಲಿ. ಅದು ನಮ್ಮ ಬಿಡದಿಯದ್ದೇ. ಆಗ ಅದರ ಆರಂಭಿಕ ಎಕ್ಸ್‌–ಶೋರೂಂ ಬೆಲೆ ₹33.99 ಲಕ್ಷ ಇತ್ತು, ಬಳಿಕ ಇಳಿಸಿದರು.

ಹೈಲಕ್ಸ್‌ನಲ್ಲಿ ಏನಿದೆ ಎಂದರೆ, 2.8 ಲೀಟರ್‌ ಡೀಸೆಲ್‌ ಎಂಜಿನ್‌, 204 ಪಿಎಸ್‌ ಶಕ್ತಿ, ಆಟೊಮ್ಯಾಟಿಕ್‌ ಆದರೆ 500 ಎನ್‌ಎಂ ಟಾರ್ಕ್‌. 700 ಮಿ.ಮೀ. ಆಳದ ನೀರಿನಲ್ಲಿ ಹಾಯಬಲ್ಲದು. ಲೋ ರೇಂಜ್‌ ಇರುವ ಫೋರ್‌ ವ್ಹೀಲ್‌ ಡ್ರೈವ್‌ ಇದೆ. ಮಳೆಗಾಲದಲ್ಲಿ ಕೆಸರಾಗುವ ಮಲೆನಾಡಿನ ತೋಟದ ದಾರಿಗೆ ಇದು ನಿಜವಾಗಿ ಬೇಕಾದದ್ದೇ. ಒಂದು ಎಚ್ಚರಿಕೆ: ಈ ವ್ಯವಸ್ಥೆ ಒಣ ಡಾಂಬರು ರಸ್ತೆಗಲ್ಲ. ನಾಲ್ಕೂ ಚಕ್ರ ಜೋಡಿಸಿಕೊಂಡು ಹೆದ್ದಾರಿಯಲ್ಲಿ ತಿರುವು ತೆಗೆದುಕೊಂಡರೆ ಗೇರ್‌ ಭಾಗಗಳ ಮೇಲೆ ಒತ್ತಡ ಬೀಳುತ್ತದೆ. ಕೆಸರು ದಾಟಿದ ಮೇಲೆ ಮತ್ತೆ ಟೂ ವ್ಹೀಲ್‌ಗೆ ಬರಬೇಕು.

ಇದರ ಹಿಂಬದಿಯಲ್ಲಿರುವುದು ಲಾರಿಗಳಲ್ಲಿರುವಂಥ ಪಟ್ಟೆ ಸ್ಪ್ರಿಂಗ್‌. ಭಾರ ಹೊತ್ತಾಗ ಗಾಡಿ ನೆಲ ಹಿಡಿದು ಓಡುತ್ತದೆ, ಖಾಲಿ ಇದ್ದಾಗ ಕುಲುಕುತ್ತದೆ. ಹಿಂದಿನ ಸೀಟಿನಲ್ಲಿ ಅಮ್ಮನನ್ನು ಕೂರಿಸಿ ದೂರ ಹೋಗುವ ಯೋಚನೆ ಇದ್ದರೆ, ಟೆಸ್ಟ್‌ ಡ್ರೈವ್‌ನಲ್ಲಿ ನೀವೂ ಹಿಂದೆ ಕುಳಿತು ನೋಡಿ. ಗಾಡಿಯ ಉದ್ದ 5.3 ಮೀಟರ್‌ ದಾಟುತ್ತದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ ಜಾಗಕ್ಕೆ ಟೇಪ್‌ ಹಿಡಿಯದೆ ಬುಕಿಂಗ್‌ ಹಣ ಕೊಡಬೇಡಿ. ಮುಂಬೈನ ಕೆಲವು ಕಟ್ಟಡಗಳಂತೆ ಯಾಂತ್ರಿಕ ಪಾರ್ಕಿಂಗ್‌ ಇದ್ದರೆ ಎತ್ತರ, ತೂಕದ ಮಿತಿಯನ್ನೂ ಕೇಳಿಕೊಳ್ಳಿ.

ಇನ್ನು ಹೊರುವ ಮಾತು. ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತವೆ. ಎರಡರ ನಡುವಿನ ವ್ಯತ್ಯಾಸವೇ ನೀವು ಹೇರಬಹುದಾದ ಭಾರ, ಅದರಲ್ಲಿ ಕೂತವರೂ ಸೇರಿ. ಐವರು ದೊಡ್ಡವರು ಕೂತರೆ ಅಲ್ಲಿಗೇ ಸುಮಾರು 350 ಕೆ.ಜಿ. ಆಯಿತು. 50 ಕೆ.ಜಿ.ಯ ಹತ್ತು ಚೀಲ ಡಿಎಪಿ ಹೇರಿದರೆ ಇನ್ನೂ 500. ತೊಟ್ಟಿಯಲ್ಲಿ ಜಾಗ ಇದೆ ಎಂದ ಮಾತ್ರಕ್ಕೆ ಭಾರಕ್ಕೆ ಅನುಮತಿ ಇದೆ ಎಂದಲ್ಲ. ಐಷಾರಾಮಿ ಪಿಕ್‌ಅಪ್‌ಗಳು ಒಂದು ಟನ್ನಿಗಿಂತ ಬಹಳ ಕಡಿಮೆ ಹೊರುತ್ತವೆ. ಒಂದು ಟನ್ನು, ಅದಕ್ಕೂ ಹೆಚ್ಚು ಹೊರುವುದು ಬೊಲೆರೊ ಪಿಕ್‌ಅಪ್‌ನಂಥ ಹಳದಿ ಬೋರ್ಡಿನ ಗಾಡಿಗಳು.

ಹಾಗಾಗಿ ಎಂಜಿನ್‌ಗಿಂತ ಮೊದಲು ತೀರ್ಮಾನಿಸಬೇಕಾದದ್ದು ನಂಬರ್‌ ಪ್ಲೇಟಿನ ಬಣ್ಣವನ್ನು.

ಬಿಳಿ ಬೋರ್ಡಾದರೆ ನೋಂದಣಿ 15 ವರ್ಷಕ್ಕೆ. 2025ರ ಆಗಸ್ಟ್‌ 15ರಿಂದ, ಆಗ ₹3,000 ದರದಲ್ಲಿ ಜಾರಿಗೆ ಬಂದ ಫಾಸ್ಟ್ಯಾಗ್‌ ವಾರ್ಷಿಕ ಪಾಸ್‌ ವಾಣಿಜ್ಯೇತರ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ಆದರೆ ಬಿಳಿ ಬೋರ್ಡಿನಲ್ಲಿ ಬಾಡಿಗೆಗೆ ಸರಕು ಸಾಗಿಸುವಂತಿಲ್ಲ. ಪಕ್ಕದ ತೋಟದವರ ಅಡಿಕೆ ಹೇರಿ ದುಡ್ಡು ತೆಗೆದುಕೊಂಡ ದಿನ ಅಪಘಾತವಾದರೆ ವಿಮೆ ಕೈಕೊಡಬಹುದು. ಹಳದಿ ಬೋರ್ಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಫಿಟ್‌ನೆಸ್‌ ಪ್ರಮಾಣಪತ್ರ ಬೇಕು. ಒಟ್ಟು ತೂಕ 3,000 ಕೆ.ಜಿ. ಮೀರದಿದ್ದರೆ ಪರ್ಮಿಟ್‌ ಬೇಕಿಲ್ಲ. ಓಡಿಸಲು ಕಾರಿನ ಲೈಸೆನ್ಸ್‌ ಸಾಕು: ಎಲ್‌ಎಂವಿ ಲೈಸೆನ್ಸ್‌ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ಹೊರರಾಜ್ಯದಲ್ಲಿರುವ ನಮಗೆ ತೆರಿಗೆಯ ತಲೆನೋವು ಬೇರೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಊರಲ್ಲಿ ಇಟ್ಟುಕೊಂಡರೆ ಮರುನೋಂದಣಿ ಆಗಬೇಕು. ಕರ್ನಾಟಕದಲ್ಲಿ ₹20 ಲಕ್ಷ ದಾಟಿದ ಹೊಸ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್‌. ಹಳೆಯ ಗಾಡಿಗೆ ವಯಸ್ಸಿನ ಪ್ರಕಾರ ಕಡಿಮೆ. ಸರ್ಕಾರಿ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರು 2021ರಲ್ಲಿ ಬಂದ ಬಿಎಚ್‌ ಸರಣಿಯ ನೋಂದಣಿ ಪಡೆಯಬಹುದು. ಅಲ್ಲಿ ಎರಡೆರಡು ವರ್ಷದ ತೆರಿಗೆ ಕಟ್ಟಿದರಾಯಿತು. ಇದೂ ಬಿಳಿ ಬೋರ್ಡಿಗೆ ಮಾತ್ರ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಗಾಡಿ ಇರುವುದು ಎಲ್ಲಿ? ‘ಎರಡು ಕೆಲಸಕ್ಕೆ ಒಂದೇ ಗಾಡಿ’ ಎಂಬುದು ಎರಡೂ ಕೆಲಸ ಒಂದೇ ಊರಿನಲ್ಲಿ ಇದ್ದವರಿಗೆ ಸರಿ. ಬೆಳಿಗ್ಗೆ ಸೈಟಿಗೆ ಸಾಮಾನು, ಸಂಜೆ ಮನೆಯವರ ಜೊತೆ ಪೇಟೆಗೆ ಎನ್ನುವ ಗುತ್ತಿಗೆದಾರರಿಗೆ, ನರ್ಸರಿ ನಡೆಸುವವರಿಗೆ ಅದು ಹೊಂದುತ್ತದೆ. ನಮ್ಮ ಎರಡು ಬದುಕಿನ ನಡುವೆ ಐನೂರು ಕಿಲೋಮೀಟರ್‌ ಇದೆ. ವರ್ಷಕ್ಕೆ ಹದಿನೈದು ದಿನ ಊರಿಗೆ ಹೋಗುವವರ ಪಿಕ್‌ಅಪ್‌ ಉಳಿದ 350 ದಿನ ಖಾಲಿ ತೊಟ್ಟಿ ಹೊತ್ತು ಹಿಂಜೆವಾಡಿಯ ಟ್ರಾಫಿಕ್ಕಿನಲ್ಲಿ ನಿಂತಿರುತ್ತದೆ. ಅದೇ ಹೊತ್ತಿಗೆ ಊರಲ್ಲಿ ಅಪ್ಪ ಗೊಬ್ಬರ ತರಲು ಬಾಡಿಗೆ ಗಾಡಿಗೆ ಫೋನ್‌ ಮಾಡುತ್ತಿರುತ್ತಾರೆ.

ಜಮೀನು ನೋಡಿಕೊಳ್ಳುವ ಅಪ್ಪನೋ ತಮ್ಮನೋ ಊರಲ್ಲಿದ್ದರೆ, ಐವರು ಕೂತು ಹಿಂದೆ ಸರಕೂ ಹೇರಬಹುದಾದ ಬೊಲೆರೊ ಕ್ಯಾಂಪರ್‌ನಂಥ ಹಳದಿ ಬೋರ್ಡಿನ ಗಾಡಿ ಅಲ್ಲಿಗೆ ಕೊಡಿಸುವುದು ಒಳ್ಳೆಯದು. ಬೆಲೆ ಹೈಲಕ್ಸ್‌ನ ಮೂರನೇ ಒಂದು ಪಾಲಿನ ಆಸುಪಾಸು. ನಿಮಗೆ ಇಲ್ಲಿ ಸಣ್ಣ ಕಾರು ಸಾಕು. ಎರಡು–ಮೂರು ವರ್ಷದಲ್ಲಿ ಊರಿಗೇ ಮರಳುವುದು ಖಚಿತವಾದರೆ, ದೊಡ್ಡ ಪಿಕ್‌ಅಪ್‌ ಅಲ್ಲಿಗೆ ಹೋದ ಮೇಲೆ ಕೊಳ್ಳಿ, ಕೆಎ ನಂಬರಿನಲ್ಲಿ. ಮರುನೋಂದಣಿಯ ಅಲೆದಾಟವೂ ತಪ್ಪುತ್ತದೆ.

ಶೋರೂಮಿಗೆ ಹೋಗುವ ಮೊದಲು ಊರಿಗೊಂದು ಫೋನ್‌ ಮಾಡಿ. ಕಳೆದ ವರ್ಷ ಎಷ್ಟು ಸಲ ಬಾಡಿಗೆ ಗಾಡಿ ಕರೆಸಿದರು, ಏನೇನು ಹೇರಿದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಎಂಥ ಗಾಡಿ ಬೇಕು ಎಂಬುದು ಆ ಪಟ್ಟಿಯಲ್ಲೇ ಸಿಗುತ್ತದೆ.