3.3 ವೋಲ್ಟಿನ ಸಿಗ್ನಲ್‌ನಿಂದ ಸಂಪಿನ ಮೋಟಾರು ಓಡಿಸೋದು ಹೇಗೆ?

[ದೃಶ್ಯ: ಗಚ್ಚಿಬೌಲಿಯ ಅಪಾರ್ಟ್‌ಮೆಂಟ್, ಸಂಪು, ಮೋಟಾರು]
ಕೆಳಗೆ ಸಂಪು, ಮೇಲೆ ಟ್ಯಾಂಕು. ಟ್ಯಾಂಕು ತುಂಬಿದ ಕೂಡಲೇ ಮೋಟಾರು ತಾನಾಗೇ ನಿಲ್ಲಬೇಕು. ಇಎಸ್‌ಪಿ32 ಬೋರ್ಡು ಈ ಕೆಲಸ ಮಾಡುತ್ತೆ. ಆದರೆ ಅದರ ಪಿನ್ನು ಕೊಡೋದು ಬರೀ 3.3 ವೋಲ್ಟ್, ಮೋಟಾರಿಗೆ ಬೇಕಾದ್ದು 230. ನಡುವೆ ಏನಿರಬೇಕು?

[ದೃಶ್ಯ: ಬೆರಳ ತುದಿಯಲ್ಲಿ ನಾಲ್ಕು ಕಾಲಿನ ಐಸಿ]
ಮೊದಲು, ಬೋರ್ಡನ್ನು ಮೋಟಾರಿನ ಕಡೆಯಿಂದ ಬೇರ್ಪಡಿಸೋದು. ಇದು ಪಿಸಿ817 ಆಪ್ಟೊಕಪ್ಲರ್. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಕೇಳಿದರೆ ಸಿಗುತ್ತೆ. ಒಳಗೆ ಒಂದು ಕಡೆ ಪುಟ್ಟ ಎಲ್‌ಇಡಿ, ಎದುರಿಗೆ ಫೋಟೊಟ್ರಾನ್ಸಿಸ್ಟರ್. ಸಿಗ್ನಲ್ ದಾಟೋದು ಬೆಳಕಾಗಿ. ನಡುವೆ ತಂತಿಯೇ ಇಲ್ಲ. ಪಿನ್ನಿಗೂ ಎಲ್‌ಇಡಿಗೂ ನಡುವೆ 330 ಓಮ್ ರೆಸಿಸ್ಟರ್ ಹಾಕಿ. ಸುಮಾರು 6 ಮಿಲಿಆಂಪ್ ಹರಿಯುತ್ತೆ, ಅಷ್ಟು ಸಾಕು.

[ದೃಶ್ಯ: ಟ್ರಾನ್ಸಿಸ್ಟರ್, ಡಯೋಡ್, ರಿಲೇ]
ಆಮೇಲೆ, ಬಲ ತುಂಬೋದು. 5 ವೋಲ್ಟಿನ ಸಾಮಾನ್ಯ ರಿಲೇಯ ಕಾಯಿಲ್ ಸುಮಾರು 70 ಮಿಲಿಆಂಪ್ ಎಳೆಯುತ್ತೆ. ಪಿಸಿ817 ತಡೆಯೋದು ಹೆಚ್ಚೆಂದರೆ 50. ಹಾಗಾಗಿ ಅದರ ಮುಂದೆ ಒಂದು ಟ್ರಾನ್ಸಿಸ್ಟರ್ ಬೇಕು. ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡನ್ನು ಉಲ್ಟಾ ಹಾಕಿ. ರಿಲೇ ಆಫ್ ಆದಾಗ ಕಾಯಿಲ್‌ನಲ್ಲಿ ಚಿಮ್ಮುವ ವೋಲ್ಟೇಜಿನಿಂದ ಟ್ರಾನ್ಸಿಸ್ಟರ್ ಉಳಿಯುತ್ತೆ. ರಿಲೇ ಕಾಂಟ್ಯಾಕ್ಟರ್ ಅನ್ನೋ ದೊಡ್ಡ ಸ್ವಿಚ್ಚನ್ನು ಎಳೆಯುತ್ತೆ, ಕಾಂಟ್ಯಾಕ್ಟರ್ ಮೋಟಾರನ್ನು ಓಡಿಸುತ್ತೆ.

[ದೃಶ್ಯ: ರೆಡಿಮೇಡ್ ರಿಲೇ ಮಾಡ್ಯೂಲ್, ಜಂಪರ್ ಹತ್ತಿರದಿಂದ]
ಇಲ್ಲಿ ಸರಿಯಾಗಿ ನೋಡಿ. ಆಪ್ಟೊಕಪ್ಲರ್, ಟ್ರಾನ್ಸಿಸ್ಟರ್, ರಿಲೇ ಎಲ್ಲಾ ಸೇರಿದ ರೆಡಿಮೇಡ್ ಮಾಡ್ಯೂಲ್‌ನಲ್ಲಿ ಜೆಡಿ-ವಿಸಿಸಿ ಅನ್ನೋ ಜಂಪರ್ ಇದ್ದರೆ ಅದನ್ನು ತೆಗೀರಿ, ರಿಲೇಗೆ ಬೇರೆ ಸಪ್ಲೈ ಕೊಡಿ. ಎರಡೂ ಕಡೆಯ ಗ್ರೌಂಡ್ ಒಂದಾಯ್ತೋ, ಆಪ್ಟೊಕಪ್ಲರ್ ಇದ್ದೂ ಇಲ್ಲದಂತೆ.

ಇನ್ನು 230 ವೋಲ್ಟಿನ ವೈರಿಂಗ್ ಜೀವದ ವಿಷಯ. ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.